ತವರು ಕೇಳಿದ ಡಂಗುರ

ಹಿಂದೆಲ್ಲ ಊರಿಗೆ ರೋಗ ಬಂದರೆ ಮೊದಲು ಗೊತ್ತಾಗುತ್ತಿದ್ದದ್ದು ಸುಡುಗಾಡು ಕಾಯುವವನಿಗೆ, ಆಮೇಲೆ ಊರವರಿಗೆ, ಕಟ್ಟಕಡೆಗೆ ಸರಕಾರಕ್ಕೆ. ರಕ್ತ ಪರೀಕ್ಷೆಯ ವರದಿ ಲ್ಯಾಬಿನಿಂದ ತಾಲೂಕಿಗೆ, ತಾಲೂಕಿನಿಂದ ಜಿಲ್ಲೆಗೆ, ಜಿಲ್ಲೆಯಿಂದ ಮೇಲಕ್ಕೆ ಏದುಸಿರು ಬಿಡುತ್ತ ಹತ್ತುವಷ್ಟರಲ್ಲಿ ರೋಗವು ಬಂದು, ಉಂಡು, ಮಲಗಿ, ಎದ್ದು ಮುಂದಿನ ಊರಿಗೆ ಹೋಗಿಬಿಟ್ಟಿರುತ್ತಿತ್ತು. ಡಂಗುರ ಬಂದ ಮೇಲೆ ಆ ಕಾಲ ಹೋಯಿತು.

ಡಂಗುರ ಎಂದರೆ ಅಂಗೈಯಗಲದ ಒಂದು ಪೆಟ್ಟಿಗೆ. ರಾಜ್ಯದ ಪ್ರತಿಯೊಂದು ಲ್ಯಾಬಿನಲ್ಲೂ ರಕ್ತ ನೋಡುವ ಯಂತ್ರಕ್ಕೆ ಅದು ಅಂಟಿಕೊಂಡಿರುತ್ತದೆ. ಯಂತ್ರದ ಕಣ್ಣಿಗೆ ಮಲೇರಿಯಾ, ಟೈಫಾಯ್ಡ್, ಡೆಂಗಿ ಮುಂತಾದ ಸಾಂಕ್ರಾಮಿಕ ಬಿದ್ದರೆ ಸಾಕು, ಡಾಕ್ಟರಿಗಿಂತ ಮೊದಲೇ ಪೆಟ್ಟಿಗೆ ಆ ಸುದ್ದಿಯನ್ನು ಧಾರವಾಡದ ಕಣ್ಗಾವಲು ಕೇಂದ್ರಕ್ಕೆ ಮುಟ್ಟಿಸುತ್ತದೆ. ಹೆಸರು ಹೇಳುವುದಿಲ್ಲ, ರೋಗ ಯಾವುದು, ವಯಸ್ಸೆಷ್ಟು, ಊರು ಯಾವುದು, ಇಷ್ಟೇ. ಅಲ್ಲಿ ಗೋಡೆ ತುಂಬ ರಾಜ್ಯದ ನಕಾಶೆ. ಆ ಊರಿನ ಮೇಲೆ ಒಂದು ಕೆಂಪು ದೀಪ ಹತ್ತುತ್ತದೆ. ಒಂದೇ ಊರಿನಲ್ಲಿ ಒಂದೇ ರೋಗದ ದೀಪಗಳು ಆ ಋತುವಿನ ಲೆಕ್ಕಕ್ಕಿಂತ ಹೆಚ್ಚಾದವೋ, ಗೋಡೆಯೇ ಡಬಡಬ ಡಬಡಬ ಎಂದು ಬಾರಿಸತೊಡಗುತ್ತದೆ. ಒಮ್ಮೆ ಬಾರಿಸಿತೆಂದರೆ ಆ ಊರಿನ ನೀರು ನಿಲ್ಲಿಸಲು, ಟ್ಯಾಂಕರ್ ಕಳಿಸಲು ಯಾರ ಸಹಿಯೂ ಬೇಕಿಲ್ಲ. ಬಾರಿಸದಿದ್ದರೆ ಮಾತ್ರ ಬ್ರಹ್ಮ ಬಂದು ಹೇಳಿದರೂ ನಡೆಯುವುದಿಲ್ಲ. ಹಿಂದೊಮ್ಮೆ ಯಾರದೋ ಗಾಳಿಮಾತು ನಂಬಿ ಒಂದು ಊರಿನ ನೀರು ನಿಲ್ಲಿಸಿ, ರೋಗವೂ ಇಲ್ಲ ನೀರೂ ಇಲ್ಲ ಎಂದು ಜನ ಕಲ್ಲು ತೂರಿದ ಮೇಲೆ ಹುಟ್ಟಿದ ಕಾಯ್ದೆ ಅದು.

ಈ ಡಂಗುರವನ್ನು ಕಟ್ಟಿದವರಲ್ಲಿ ಒಬ್ಬಳು ದಾಕ್ಷಾಯಣಿ ಬಾವಿಕಟ್ಟಿ. ಅದರ ಮೇಲೆ ಅವಳಿಗೆ ಹೆತ್ತ ಮಗುವಿನ ಮೇಲಿನಷ್ಟೇ ಅಭಿಮಾನ. ಅದರಲ್ಲೂ ವಿಳಾಸದ ವ್ಯವಸ್ಥೆಯ ಮೇಲೆ. ಮೊದಲು ಲ್ಯಾಬಿನವರು ವಿಳಾಸವನ್ನು ಕೈಯಿಂದ ಒತ್ತುತ್ತಿದ್ದರು. ‘ಬಸವನ ಗುಡಿ ಹಿಂದೆ, ಬೇವಿನ ಗಿಡದ ಬಾಜೂಕೆ’ ಎಂದು ಬಂದದ್ದನ್ನು ನಕಾಶೆ ಎಲ್ಲಿ ಇಡಬೇಕು ಪಾಪ? ಅದೆಲ್ಲ ಬೇಡ, ಗುರುತಿನ ಕಾರ್ಡ್ ತೋರಿಸಿದರೆ ವಿಳಾಸ ತಾನಾಗಿಯೇ ಬರಲಿ ಎಂದು ಅವಳು ಸಮಿತಿಯ ಮುಂದೆ ಹೇಳಿದಾಗ ಎಲ್ಲರೂ ಮೇಜು ಕುಟ್ಟಿ ಒಪ್ಪಿದ್ದರು. ಸಮಿತಿಯಲ್ಲಿ ಅರ್ಧಕ್ಕರ್ಧ ಮದುವೆಯಾದ ಹೆಂಗಸರಿದ್ದರು. ಒಬ್ಬರ ಬಾಯಿಂದಲೂ ಒಂದು ಪ್ರಶ್ನೆ ಬರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ!

ಆ ಶುಕ್ರವಾರ ಗೋಡೆ ತಣ್ಣಗಿತ್ತು. ಅಲ್ಲೊಂದು ಇಲ್ಲೊಂದು ದೀಪ, ಅಷ್ಟೇ.

"ಸರ್, ನಾಳೆ ಒಂದಿನ ರಜಾ ಬೇಕಾಗಿತ್ರಿ. ಊರಾಗ ತಂಗೀ ಕುಬಸ," ಎಂದಳು ದಾಕ್ಷಾಯಣಿ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪ್ರಹ್ಲಾದ ಇನಾಮದಾರ ಕನ್ನಡಕದ ಮೇಲಿಂದ ನೋಡಿದರು. "ಹೋಗಿ ಬರ್ರೆಲಾ. ಗ್ವಾಡಿ ಎಲ್ಲೂ ಓಡಿ ಹೋಗೂದಿಲ್ಲ. ಆದ್ರ ಬರೋವಾಗ ಹೋಳಿಗಿ ಕಟ್ಟಿಸ್ಕೊಂಡು ಬರದಿದ್ರ ರಜಾ ಖಾರಿಜ್ ನೋಡ್ರಿ ಮತ್ತ."

ಧಾರವಾಡದಿಂದ ಅವಳ ತವರೂರು ಹಿರೇಬಾವಿ ಒಂದು ತಾಸಿನ ಹಾದಿ. ದಾಕ್ಷಾಯಣಿಯ ತಂಗಿ ಶೈಲಾಳನ್ನು ದಾವಣಗೆರೆಗೆ ಕೊಟ್ಟಿತ್ತು. ಹಿಂದೆ ಎರಡು ಸಲ ಹೊಟ್ಟೆಯಲ್ಲಿ ನಿಲ್ಲದೆ ಹೋದ ಮೇಲೆ ಈ ಸಲ ಏಳು ತಿಂಗಳು ದಾಟಿತ್ತು. ಹಾಗಾಗಿ ತಾಯಿ ಗೌರವ್ವ ಮಗಳನ್ನು ಸ್ವಲ್ಪ ಮೊದಲೇ ತವರಿಗೆ ಕರೆಸಿಕೊಂಡು, ನೆಲಕ್ಕೆ ಕಾಲಿಡಗೊಡದೆ ಸಾಕುತ್ತಿದ್ದಳು. ಈ ಕೂಸು ಬದುಕಿ ಬಂದರೆ ಸಾಕೆಂದು ಮನೆ ಮಂದಿಯೆಲ್ಲ ಉಸಿರು ಬಿಗಿಹಿಡಿದಿದ್ದರು.

ಶನಿವಾರ ಮುಂಜಾನೆ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಬಂದ ಹೆಂಗಸರು ಮನೆ ತುಂಬ. ಶೈಲಾ ಹಸಿರು ಸೀರೆ ಉಟ್ಟು, ಮೊಣಕೈ ತನಕ ಹಸಿರು ಬಳೆ ಇಟ್ಟು ಮಣೆಯ ಮೇಲೆ ಕೂತಿದ್ದಳು. ಉಡಿ ತುಂಬಿದ್ದಾಯಿತು, ಆರತಿ ಆಯಿತು, ಬಸರಿಯ ಬಯಕೆಯ ಹಾಡು ಹಾಡಲು ನಾನು ಮುಂದೆ ತಾನು ಮುಂದೆ ಎಂದು ಮುದುಕಿಯರ ಜಗಳವೂ ಆಯಿತು. ದಾಕ್ಷಾಯಣಿ ಅಡಿಗೆಮನೆಯಲ್ಲಿ ತಾಯಿಯ ಜೊತೆ ಹೋಳಿಗೆಗೆ ತುಪ್ಪ ಸವರುತ್ತ ಕೇಳಿದಳು:

"ಬಾಜೂ ಮನಿ ರೂಪಾ ಕಾಣವಲ್ಲಳಲ್ಲವ್ವಾ? ಆಕೀನೂ ಬಾಣಂತನಕ್ಕ ಬಂದಾಳ ಅಂದಿದ್ದಿ."

ಗೌರವ್ವ ದನಿ ಇಳಿಸಿದಳು. "ಶುಭಕಾರ್ಯದಾಗ ಆ ಮಾತ್ಯಾಕ? ಆಕೀಗಿ ಕಾಮಣಿ ಆಗೈತೆವ್ವಾ. ಕಣ್ಣು ಅರಿಶಿಣ ಅರಿಶಿಣ ಆಗ್ಯಾವ. ಹಿಂದಿನ ಓಣಿ ಮಾದೇವಿ ಮಗಳಿಗೂ ಹಂಗ ಆಗೈತಿ. ಊರ ಬಾಗಿಲ ಅಗಸಿ ಕಡೆ ಒಬ್ಬಾಕಿ ದವಾಖಾನ್ಯಾಗ ಬಿದ್ದಾಳ."

"ಎಲ್ಲಾರೂ ಬಸರಿ ಹೆಂಗಸ್ರ?"

"ಬಾಕಿ ಮಂದೀಗೂ ಅಷ್ಟಿಷ್ಟು ಜ್ವರಾ, ವಾಂತಿ ಬಂದು ಹೋತು. ಗಿಡದ ಔಷಧ ಹಾಕಿಸ್ಕೊಂಡ್ರು, ಆರಾಮಾದ್ರು. ಬಸರಿ ಹೆಂಗಸರಿಗೆ ಮಾತ್ರ ಬಿಡವಲ್ದು. ಯಾರದೋ ಕೆಟ್ಟ ಕಣ್ಣು ಬಿದ್ದೈತಿ ಊರ ಮ್ಯಾಲ."

ದಾಕ್ಷಾಯಣಿಯ ಕೈಯಲ್ಲಿದ್ದ ತುಪ್ಪದ ಚಮಚ ಅಲ್ಲೇ ನಿಂತಿತು. ಕೆಟ್ಟ ಕಣ್ಣಲ್ಲ, ಅದಕ್ಕೊಂದು ಹೆಸರಿದೆ: ಹೆಪಟೈಟಿಸ್-ಇ. ಚರಂಡಿಯ ನೀರು ಕುಡಿಯುವ ನೀರಿಗೆ ಸೇರಿದರೆ ಬರುವ ಕಾಮಾಲೆ. ಉಳಿದವರನ್ನು ಒಂದಿಷ್ಟು ಕಾಡಿ ಬಿಟ್ಟುಬಿಡುತ್ತದೆ. ದಿನ ತುಂಬುತ್ತಿರುವ ಬಸುರಿಯರನ್ನು ಮಾತ್ರ ಬಿಡುವುದು ಕಷ್ಟ. ಎಷ್ಟೋ ಸಲ ತಾಯಿ ಉಳಿದರೂ ಮಗು ಉಳಿಯುವುದಿಲ್ಲ, ಕೆಲವೊಮ್ಮೆ ಇಬ್ಬರೂ ಉಳಿಯುವುದಿಲ್ಲ. ಬಂದ ಮೇಲೆ ಅದಕ್ಕೆ ಖಚಿತವಾದ ಔಷಧವೂ ಇಲ್ಲ, ಬಾರದಂತೆ ನೀರನ್ನು ಕಾಯುವುದೇ ದಾರಿ.

ಅವಳು ನಡುಮನೆಗೆ ಓಡಿ ಬಂದಾಗ ಯಾರೋ ಶೈಲಾಳ ಕೈಗೆ ನೀರಿನ ತಂಬಿಗೆ ಕೊಡುತ್ತಿದ್ದರು.

"ಕುಡೀಬ್ಯಾಡ!" ಎಂದು ಚೀರಿ ದಾಕ್ಷಾಯಣಿ ತಂಬಿಗೆ ಕಿತ್ತುಕೊಂಡಳು. ಹಾಡು ನಿಂತಿತು. ಕುಬಸದ ದಿನ ಬಸುರಿಯ ಬಾಯಿಗೆ ಹೋಗುವ ನೀರನ್ನು ಕಿತ್ತುಕೊಳ್ಳುವುದೆಂದರೇನು! ಮುದುಕಿಯರು ಗಲ್ಲಕ್ಕೆ ಕೈಹಚ್ಚಿದರು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿ, ಕೊಡಗಟ್ಟಲೆ ನೀರು ಕುದಿಯಲು ಇಡಿಸಿದಳು. "ಶೈಲಾ, ಏಳು. ಸಂಜೀಕ ನನ್ನ ಕೂಡ ಧಾರವಾಡಕ್ಕ ನಡಿ."

ಶೈಲಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಮುಖ ಬಿಳಚಿಕೊಂಡಿತ್ತು, ಮಾತು ಮಾತ್ರ ಗಟ್ಟಿ. "ನನ್ನ ನೀ ಕರ್ಕೊಂಡ ಹೋಗ್ತಿ ಅಕ್ಕಾ. ಈ ಊರಾಗ ಬಾಣಂತನಕ್ಕ ಬಂದಾಕಿ ನಾ ಒಬ್ಬಾಕೀನ ಏನು? ರೂಪಾನ್ನ ಯಾರ ಕರ್ಕೊಂಡ ಹೋಗಾರ? ನೀರ ನಿಲ್ಲಿಸು. ಇವತ್ತ ದೀಪಾ ಹಚ್ಚೂ ಹೊತ್ತಿಗೆ ನಳಾ ಬರೂದೈತಿ."

ಹಿರೇಬಾವಿಗೆ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ. ಬಂದ ಹೊತ್ತಿಗೆ ಕೊಡ, ಹಂಡೆ, ಬ್ಯಾರಲ್ಲು, ಕಡೆಗೆ ಮಕ್ಕಳ ಹಾಲಿನ ಬಾಟಲಿಯನ್ನೂ ತುಂಬಿಡುವ ಊರು ಅದು. ವಾರವಿಡೀ ಖಾಲಿ ಇರುವ ಪೈಪು ಸುಮ್ಮನಿರುವುದಿಲ್ಲ. ಎಲ್ಲಾದರೂ ಬಿರುಕಿದ್ದರೆ ಅಕ್ಕಪಕ್ಕದ ಗಟಾರದ ಹೊಲಸನ್ನು ಒಳಗೆ ಎಳೆದುಕೊಳ್ಳುತ್ತದೆ. ವಾಲ್ವ್ ತಿರುಗಿಸಿದ ಕೂಡಲೇ ಅದೇ ಹೊಲಸು ಮೊದಲ ನೀರಿನ ಜೊತೆ ಮನೆ ಮನೆಗೆ ಹೋಗುತ್ತದೆ. ಇವತ್ತು ಸಂಜೆ ತುಂಬಿಟ್ಟರೆ ಇನ್ನೊಂದು ವಾರ ಊರಿಗೆ ಊರೇ ಅದನ್ನು ಕುಡಿಯುತ್ತದೆ.

ಆದರೆ ಡಂಗುರ ಯಾಕೆ ಸುಮ್ಮನಿತ್ತು? ಅವಳು ಕೇಂದ್ರಕ್ಕೆ ಫೋನ್ ಹಚ್ಚಿದಳು. ಇನಾಮದಾರ ನೋಡಿ ಹೇಳಿದರು: "ಹಿರೇಬಾವಿ ಮ್ಯಾಲ ಒಂದೂ ದೀಪ ಇಲ್ರೀ. ಸ್ವಚ್ಛ ಅದ."

ಹಾಗಿದ್ದರೆ ಲ್ಯಾಬಿನ ಪೆಟ್ಟಿಗೆ ಕೆಟ್ಟಿರಬೇಕು. ತಾಯಿ, ತಂಗಿಯನ್ನು ಕರೆದುಕೊಂಡು ಅವಳು ರಾಜೇಸಾಬ ನದಾಫನ ಲ್ಯಾಬಿಗೆ ಹೋದಳು. ಊರಿನ ಬಸುರಿಯರ ರಕ್ತವೆಲ್ಲ ಪರೀಕ್ಷೆಯಾಗುವುದು ಅಲ್ಲೇ. ಹಸಿರು ಸೀರೆಯಲ್ಲಿ ಬಳೆ ಝಣಗುಡಿಸುತ್ತ ಬಂದ ಶೈಲಾಳನ್ನು ಕಂಡು ರಾಜೇಸಾಬ ಕುರ್ಚಿ ಒರೆಸಿ ಕೊಟ್ಟ.

"ಪೆಟಗಿ ಚಲೋ ಐತ್ರಿ ಮೇಡಂ. ಇಲ್ಲಿ ನೋಡ್ರಿ, ಹಸರ ದೀಪ ಹತ್ತೈತಿ," ಎಂದ. "ಇ-ಕಾಮಣಿ ಬಂದಾಗೆಲ್ಲಾ ಸುದ್ದಿ ಪಟ್ ಅಂತ ಹೋಗೇತ್ರಿ. ನನ್ನ ಕಣ್ಣಾರೆ ನೋಡೇನಿ. ನೀವ ಏನೂ ಮಾಡವಲ್ರಿ ಅಂತ ನಾನೂ ದಿನಾ ಬೈಕೊಳ್ಳಾಕತ್ತಿದ್ದೆ ನೋಡ್ರಿ!"

ದಾಕ್ಷಾಯಣಿ ಬಾಗಿ ಪೆಟ್ಟಿಗೆಯ ಹಸಿರು ದೀಪ ನೋಡಿದಳು. ಇಲ್ಲಿಂದ ಹೋಗಿದೆ, ಅಲ್ಲಿ ಮುಟ್ಟಿಲ್ಲ. ನಡುವೆ ಎಲ್ಲಿ ಮಾಯವಾಯಿತು?

"ಮೊದಲ ಈಕೀ ರಕ್ತಾ ತಗೀರಿ," ಎಂದಳು. ಶೈಲಾ ಕಾರ್ಡ್ ಕೊಟ್ಟಳು. ರಾಜೇಸಾಬ ಅದನ್ನು ಪೆಟ್ಟಿಗೆಗೆ ತಾಗಿಸಿದ. ಪರದೆಯ ಮೇಲೆ ವಿಳಾಸ ತಾನಾಗಿಯೇ ಮೂಡಿತು, ದಾಕ್ಷಾಯಣಿ ಬಯಸಿದ್ದಂತೆಯೇ, ಒಂದಕ್ಷರ ತಪ್ಪಿಲ್ಲದೆ: ದಾವಣಗೆರೆ.

ಅವಳು ಅದನ್ನೇ ನೋಡುತ್ತ ನಿಂತಳು. "ದಾವಣಗೆರಿ? ಈಕಿ ಇಲ್ಲೇ ಅದಾಳಲ್ಲ!"

ಗೌರವ್ವ ಮಗಳನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಅಯ್ಯ ನಿನ್ನ! ಮದುವಿ ಆದ ಹೆಣ್ಣಿನ ಕಾರ್ಡಿನ್ಯಾಗ ತವರಮನಿ ಎಲ್ಲಿರತೈತಿ? ಗಂಡನ ಮನೀದ ಇರತೈತಿ. ನಿಂದರ ಏನೈತಿ? ನಿನ್ನ ಬಾಣಂತನಾ ಇಲ್ಲೇ ಆತು, ಕಾರ್ಡಿನ್ಯಾಗ ಧಾರವಾಡ ಇರಲಿಲ್ಲೇನು?"

ದಾಕ್ಷಾಯಣಿಗೆ ಈಗ ಹೊಳೆಯಿತು. ರೂಪಾಳ ದೀಪ ಅವಳ ಗಂಡನ ಊರಾದ ವಿಜಯಪುರದಲ್ಲಿ ಹತ್ತಿದೆ. ಮಾದೇವಿಯ ಮಗಳದು ಬಳ್ಳಾರಿಯಲ್ಲಿ. ಊರೂರಿಗೆ ಒಂದೊಂದು. ಯಾವ ಊರಿನ ಲೆಕ್ಕವೂ ಮೀರಲಿಲ್ಲ, ಗೋಡೆ ಬಾರಿಸಲಿಲ್ಲ. ಹೆಣ್ಣುಮಕ್ಕಳು ತವರಿಗೆ ಬಂದು ತವರಿನ ನೀರು ಕುಡಿದು ಬಿದ್ದರು, ಡಂಗುರ ಮಾತ್ರ ಅವರ ಗಂಡಂದಿರ ಮನೆ ಬಾಗಿಲಲ್ಲಿ ಹುಡುಕುತ್ತ ಕೂತಿತ್ತು. ಕಾಮಾಲೆ ಬಂದ ಗಂಡಸರಾದರೂ ಲ್ಯಾಬಿಗೆ ಬಂದಿದ್ದರೆ ಗೊತ್ತಾಗುತ್ತಿತ್ತು. ಅವರು ಗಿಡದ ಔಷಧಕ್ಕೆ ಹೋದರು.

"ರಾಜೇಸಾಬಣ್ಣ, ಈಕೀ ರಿಸಲ್ಟ್ ಯಾವಾಗ?"

"ಸಂಜೀಕ ಆಗತೈತ್ರಿ ಮೇಡಂ."

"ಬಂದ ಕೂಡ್ಲೇ ಫೋನ್ ಮಾಡ್ರಿ," ಎಂದವಳೇ ತಾಯಿ, ತಂಗಿಯನ್ನು ಮನೆಗೆ ಕಳಿಸಿ ಧಾರವಾಡಕ್ಕೆ ಕಾರು ಹತ್ತಿದಳು. ದಾರಿಯುದ್ದಕ್ಕೂ ಅಳು ಬರುತ್ತಿತ್ತು, ಅಳಲು ಪುರಸೊತ್ತಿರಲಿಲ್ಲ.

ಕೇಂದ್ರದಲ್ಲಿ ಇನಾಮದಾರ ಪೂರ್ತಿ ಕೇಳಿಸಿಕೊಂಡರು. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು. "ನೀವು ಹೇಳೂದು ಖರೆ ಅದ ದಾಕ್ಷಾಯಣಿ. ಆದ್ರ ನಾ ಫೋನ್ ಮಾಡಿದ್ರ ನೀರಿನ ಕಚೇರಿಯವರು ಕೇಳೂದು ಒಂದಽ: ಡಂಗುರ ಬಾರಿಸ್ಯದೇನು? ಇಲ್ಲಂದ್ರ ವಾಲ್ವ್ ಮುಚ್ಚೂದಿಲ್ಲ. ಕಾಯ್ದೆ ಮುರದು ನಾ ಮುಚ್ಚಸ್ಲಿಕ್ಕೆ ಬರೂದಿಲ್ಲ."

"ಮುರಿಯೂದು ಬ್ಯಾಡ್ರಿ ಸರ್. ಕಾಯ್ದೆದಾಗ ‘ರೋಗಿ ಇರುವ ಸ್ಥಳ’ ಅಂತ ಐತ್ರಿ. ‘ಕಾರ್ಡಿನ ವಿಳಾಸ’ ಅಂತ ಎಲ್ಲೂ ಇಲ್ಲ. ಕಾರ್ಡು ತಂದಾಕಿ ನಾನು. ಸ್ಥಳ ಖಾತ್ರಿ ಮಾಡ್ಕೊಳ್ಳೂ ಅಧಿಕಾರ ನಮಗೈತಿ. ಒಬ್ಬೊಬ್ಬರನ್ನ ಕೇಳೋಣ್ರಿ."

ಇನಾಮದಾರ ಎದ್ದು, ಕೋಟು ಕುರ್ಚಿಗೆ ಹಾಕಿ, ತೋಳು ಮಡಚಿದರು. "ಕೇಳೋಣ. ನನಗೂ ಒಂದು ಫೋನ್ ಕೊಡ್ರಿ."

ಹೆಸರು ಗೋಡೆಗೆ ಬರುವುದಿಲ್ಲ. ಆದರೆ ಪರೀಕ್ಷೆ ಮಾಡಿದ ಲ್ಯಾಬಿನ ಮೂಲಕ ರೋಗಿಯನ್ನು ಮಾತಾಡಿಸುವ ದಾರಿಯನ್ನು ಡಂಗುರದಲ್ಲಿ ಇಟ್ಟಿದ್ದರು. ರಾಜ್ಯದಲ್ಲಿ ಹೆಪಟೈಟಿಸ್-ಇ ದೀಪ ಎಲ್ಲೆಲ್ಲಿ ಹತ್ತಿತ್ತೋ ಅಲ್ಲಿಗೆಲ್ಲ ಕರೆ ಹೋಯಿತು. ಕೇಂದ್ರದ ಮಂದಿಯೆಲ್ಲ ಒಂದೇ ಪ್ರಶ್ನೆ ಕೇಳಿದರು: ಅವ್ವಾ, ಈಗ ಎಲ್ಲಿ ಅದೀರಿ?

ವಿಜಯಪುರದ ದೀಪ ಹೇಳಿತು: "ತವರಿನ್ಯಾಗ ಅದೇನ್ರಿ. ಹಿರೇಬಾವಿ." ದಾಕ್ಷಾಯಣಿ ಆ ದೀಪವನ್ನು ವಿಜಯಪುರದಿಂದ ಎತ್ತಿ ಹಿರೇಬಾವಿಯ ಮೇಲೆ ಇಟ್ಟಳು. ಬಳ್ಳಾರಿಯ ದೀಪದ ಪರವಾಗಿ ಅವಳ ತಾಯಿ ಅಳುತ್ತ ಮಾತಾಡಿದಳು, ಅದೂ ಬಂತು. ಹಾವೇರಿಯದು ಬಂತು. ಗೋಡೆಯ ನಾಲ್ಕೂ ಮೂಲೆಗಳಿಂದ ದೀಪಗಳು ಒಂದೊಂದಾಗಿ ತವರಿಗೆ ಹೊರಟವು. ಹೊರಗೆ ಬಿಸಿಲು ಇಳಿಯುತ್ತಿತ್ತು. ಗೋಡೆ ಬಾರಿಸಲು ಇನ್ನೊಂದೇ ಒಂದು ದೀಪ ಬೇಕಿತ್ತು, ಫೋನು ಎತ್ತುವವರಿರಲಿಲ್ಲ. ದಾಕ್ಷಾಯಣಿ ಗಡಿಯಾರ ನೋಡುವುದನ್ನೇ ಬಿಟ್ಟಳು.

ಅಷ್ಟರಲ್ಲಿ ಇನಾಮದಾರ ತಮ್ಮ ಫೋನಿನ ಬಾಯಿಗೆ ಕೈಯಡ್ಡ ಹಿಡಿದು ಕೂಗಿದರು, "ಕೊಪ್ಪಳದ್ದು! ಅಗಸಿ ಹತ್ರದಾಕಿ! ದವಾಖಾನ್ಯಾಗಿಂದ ಆಕೀ ಅಣ್ಣ ಮಾತಾಡ್ಲಿಕ್ಕತ್ತಾನ. ಇಡ್ರಿ, ಇಡ್ರಿ!"

ಇಟ್ಟಳು.

ಡಬಡಬ ಡಬಡಬ ಡಬಡಬ! ಗೋಡೆ ಬಾರಿಸಿತು. ಕುರ್ಚಿಗಳು ಹಿಂದಕ್ಕೆ ಸರಿದವು, ಎಲ್ಲರೂ ಎದ್ದು ನಿಂತರು, ಯಾರೋ ಸಿಳ್ಳೆ ಹೊಡೆದರು. ಇನಾಮದಾರರಂಥ ಇನಾಮದಾರರು ಮೇಜು ಗುದ್ದಿ, "ಬಾರಿಸೋ ಮಗನಽ, ಬಾರಿಸು!" ಎಂದರು. ಹಿರೇಬಾವಿಯ ನೀರಿನ ಕಚೇರಿಗೆ, ಆಸ್ಪತ್ರೆಗೆ, ಟ್ಯಾಂಕರಿನವರಿಗೆ ಆ ಕ್ಷಣವೇ ಆದೇಶ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಗೌರವ್ವನ ಫೋನು ಬಂತು. ಸಿಟ್ಟು ನೆತ್ತಿಗೇರಿತ್ತು. "ಏ ದಾಕ್ಷೀ! ಇನ್ನೂ ನಳಾ ಬಂದಿಲ್ಲವ್ವಾ! ಓಣಿ ಮಂದಿ ಖಾಲಿ ಕೊಡಾ ಹಿಡ್ಕೊಂಡು ನಿಂತು ನೀರಿನವನ ಏಳೇಳು ತಲಿ ತಗದು ಬೈಯಾಕತ್ತಾರ!"

ನೀರು ಬರಲಿಲ್ಲ ಎಂಬ ಸುದ್ದಿ ಇಷ್ಟು ಸಿಹಿಯಾಗಿರಬಹುದೆಂದು ದಾಕ್ಷಾಯಣಿ ಕನಸಿನಲ್ಲೂ ಎಣಿಸಿರಲಿಲ್ಲ. "ಬೈಲಿ ಬಿಡವ್ವಾ," ಎಂದು ನಕ್ಕಳು, "ಹೊಟ್ಟಿ ತುಂಬ ಬೈಲಿ!"

ನಗು ಮುಗಿದ ಮೇಲೆ ಭಯ ಬಂತು. ಶೈಲಾಳ ರಕ್ತ ಇನ್ನೂ ಯಂತ್ರದಲ್ಲಿತ್ತು. ರೋಗವಿದ್ದರೆ ಮಾತ್ರ ಪೆಟ್ಟಿಗೆ ಸುದ್ದಿ ಕಳಿಸುತ್ತದೆ. ಇಲ್ಲದಿದ್ದರೆ ಏನೂ ಹೇಳುವುದಿಲ್ಲ. ಕಾರ್ಡಿನ ಪ್ರಕಾರ ತಂಗಿಯ ದೀಪ ಹತ್ತುವುದು ದಾವಣಗೆರೆಯಲ್ಲಿ. ದಾಕ್ಷಾಯಣಿ ನಕಾಶೆಯಲ್ಲಿ ಆ ಊರನ್ನೇ ನೋಡುತ್ತ ನಿಂತಳು. ಕಣ್ಣು ಮಿಟುಕಿಸಲೂ ಹೆದರಿಕೆ. ಪಕ್ಕದಲ್ಲಿ ಇನಾಮದಾರರೂ ಬಂದು ನಿಂತರು.

ಫೋನು ಸದ್ದಾಯಿತು. ರಾಜೇಸಾಬ. "ಮೇಡಂ, ರಿಸಲ್ಟ್ ಬಂತ್ರಿ. ಪೆಟಗಿ ಪಿಟ್ ಅನ್ಲಿಲ್ಲ ನೋಡ್ರಿ! ಶೈಲಕ್ಕಾರ ರಕ್ತಾ ಸ್ವಚ್ಛ ಐತ್ರಿ!"

ದಾಕ್ಷಾಯಣಿ ಅಲ್ಲೇ ನೆಲದ ಮೇಲೆ ಕೂತು ಮಧ್ಯಾಹ್ನದಿಂದ ತಡೆದಿಟ್ಟದ್ದನ್ನೆಲ್ಲ ಅತ್ತಳು. ನಂತರದ ವಾರಗಳಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿದರು, ಪ್ರತಿ ಸಲವೂ ಸ್ವಚ್ಛ. ಅಗಸಿಯ ಮುಂದಿನ ಗಟಾರದ ತಳದಲ್ಲಿ ಒಡೆದ ಪೈಪು ಸಿಕ್ಕಿತು. ರೂಪಾಳನ್ನೂ ಮಾದೇವಿಯ ಮಗಳನ್ನೂ ಅಂದೇ ದೊಡ್ಡಾಸ್ಪತ್ರೆಗೆ ಸಾಗಿಸಿದ್ದರಿಂದ ತಾಯಿ ಮಕ್ಕಳು ಉಳಿದರು. ಅಗಸಿಯ ಹುಡುಗಿ ಉಳಿದಳು, ಅವಳ ಕೂಸು ಉಳಿಯಲಿಲ್ಲ. ಆ ದುಃಖ ದಾಕ್ಷಾಯಣಿಯನ್ನು ಬಿಟ್ಟು ಹೋಗಲಿಲ್ಲ, ಹೋಗಬೇಕಾಗಿಯೂ ಇಲ್ಲ.

ಆದರೆ ಆ ಸಂಜೆ ಅವಳು ಅಳು ಮುಗಿಸಿ ಎದ್ದಾಗ ಗೋಡೆ ಇನ್ನೂ ಸುಮ್ಮನಾಗಿರಲಿಲ್ಲ. ಹಿರೇಬಾವಿಯಲ್ಲಿ ಬಾರಿಸಿದ್ದಾಯಿತೆಂದು ಕೇಂದ್ರದ ಮಂದಿ ಫೋನು ಮಾಡುವುದನ್ನು ನಿಲ್ಲಿಸಿರಲಿಲ್ಲ. ಉಳಿದ ದೀಪಗಳನ್ನೂ ಕೇಳುತ್ತ, ಎತ್ತಿ ಎತ್ತಿ ತವರಿಗೆ ಇಡುತ್ತಿದ್ದರು. ಬೀದರಿನ ಕಡೆ ಒಂದು ಊರಿನಲ್ಲಿ ಡಬಡಬ ಎಂದಿತು. ಆಮೇಲೆ ತುಂಗಭದ್ರೆಯ ದಂಡೆಯ ಇನ್ನೊಂದು ಊರಿನಲ್ಲಿ. ಯಾರಿಗೂ ಕಾಣದಂತೆ ಬಸುರಿಯರನ್ನು ತಿನ್ನುತ್ತಿದ್ದ ರೋಗ ಒಂದೇ ಸಂಜೆಗೆ ಮೂರು ಊರುಗಳಲ್ಲಿ ಸಿಕ್ಕಿಬಿತ್ತು.

"ಹೋಳಿಗಿ ಎಲ್ರೀ?" ಎಂದು ಇನಾಮದಾರ ಆಗ ನೆನಪು ಮಾಡಿಕೊಂಡರು.

"ಮರ್ತು ಬಂದೇನ್ರಿ ಸರ್!"

"ಹಂಗಾದ್ರ ರಜಾ ಖಾರಿಜ್. ಇವತ್ತು ನೀವು ಕೆಲಸಕ್ಕ ಬಂದಿದ್ರಿ ಅಂತ ಬರಕೋತೀನಿ," ಎಂದು ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಶೈಲಾಗೆ ಹೆಣ್ಣು ಮಗು ಹುಟ್ಟಿತು. ಓಣಿಗೆಲ್ಲ ಕೇಳುವ ಹಾಗೆ ಅಳುವ, ಗಟ್ಟಿಮುಟ್ಟಾದ ಕೂಸು. ಅದು ಹುಟ್ಟುವ ಮೊದಲೇ ಡಂಗುರಕ್ಕೆ ಹೊಸ ಬಾಯಿ ಬಂದಿತ್ತು. ಕಾರ್ಡ್ ತಾಗಿಸಿದ ಮೇಲೆ ಪೆಟ್ಟಿಗೆ ಮೆಲ್ಲಗೆ ಎರಡು ಪ್ರಶ್ನೆ ಕೇಳುತ್ತದೆ: ‘ಈಗ ಎಲ್ಲಿ ಇದ್ದೀರಿ? ನಿಮ್ಮ ತವರು ಯಾವುದು?’ ಆ ಎರಡನೆಯ ಪ್ರಶ್ನೆ ಯಾಕೆಂದು ಕೇಳಿದವರಿಗೆ ದಾಕ್ಷಾಯಣಿ, ಇವತ್ತು ಗಂಡನ ಮನೆಯಲ್ಲಿ ಇರುವವಳು ನಾಳೆ ಎಲ್ಲಿ ಇರುತ್ತಾಳೆಂದು ಡಂಗುರಕ್ಕೆ ಗೊತ್ತಿರಬೇಕು ಎಂದಷ್ಟೇ ಹೇಳಿದಳು.

ಕೂಸಿನ ಮೊದಲ ರಕ್ತ ಪರೀಕ್ಷೆಗೆ ಎಲ್ಲರೂ ರಾಜೇಸಾಬನ ಲ್ಯಾಬಿಗೆ ಹೋದರು. ಬಂದದ್ದು ಬಂದಿದ್ದೀಯಲ್ಲ, ನಿನ್ನ ಸಕ್ಕರೆಯನ್ನೂ ನೋಡಿಸೋಣ ಎಂದು ದಾಕ್ಷಾಯಣಿ ತಾಯಿಯನ್ನು ಕುರ್ಚಿಯಲ್ಲಿ ಕೂಡಿಸಿದಳು. ಪೆಟ್ಟಿಗೆ ಗೌರವ್ವನನ್ನೂ ಕೇಳಿತು: ‘ನಿಮ್ಮ ತವರು ಯಾವುದು?’

"ಅಯ್ಯ, ಇದಕ್ಯಾಕ ಬೇಕು ನನ್ನ ತವರ?" ಎಂದಳು ಗೌರವ್ವ. ಆಮೇಲೆ ಸೆರಗು ಸರಿಮಾಡಿಕೊಂಡಳು. ಪೆಟ್ಟಿಗೆಯ ಹತ್ತಿರ ಬಾಗಿದಳು. "ಬೆಣ್ಣಿಹಳ್ಳದ ದಂಡೀ ಮ್ಯಾಲ ಹಳ್ಳದಕೇರಿ ಅಂತ ಐತಿ. ನಮ್ಮಪ್ಪ ಅಲ್ಲಿ ಸಾಲೀ ಮಾಸ್ತರ ಇದ್ದ. ಮನೀ ಮುಂದ ದೊಡ್ಡ ಹುಣಸೀಗಿಡ. ಮೂರು ಮಂದಿ ಅಣ್ಣಂದಿರು, ನಾ ಒಬ್ಬಾಕೀನ ಹೆಣ್ಣ ಮಗಳು. ಪಂಚಮೀಗೆ ಜೀಕಾಲಿ ಕಟ್ಟಿದ್ರ…"

"ಅವ್ವಾರ, ಊರ ಹೆಸರ ಸಾಕ್ರಿ," ಎಂದ ರಾಜೇಸಾಬ ನಗುತ್ತ.

"ಸುಮ್ನ ಕುಂದ್ರೋ ನೀನು," ಎಂದಳು ಗೌರವ್ವ. "ಲಗ್ನ ಆಗಿ ಈ ಊರಿಗೆ ಬಂದಾಗಿಂದ ನನ್ನ ತವರ ಯಾವುದಂತ ಒಬ್ಬರೂ ಕೇಳಿಲ್ಲ. ಇದು ಕೇಳೇತಿ. ಪೂರಾ ಕೇಳಲಿ."

ರಾಜೇಸಾಬ ಸೂಜಿಯನ್ನು ಕೆಳಗಿಟ್ಟ. ದಾಕ್ಷಾಯಣಿ ತಂಗಿಯ ಕೈಯಿಂದ ಕೂಸನ್ನು ಇಸಿದುಕೊಂಡು ತಾಯಿಯ ಪಕ್ಕ ಕೂತಳು. ಪೆಟ್ಟಿಗೆಯ ಹಸಿರು ದೀಪ ಉರಿಯುತ್ತಲೇ ಇತ್ತು. ಗೌರವ್ವ ಹುಣಸೀಗಿಡದಿಂದ ಮತ್ತೆ ಶುರು ಮಾಡಿದಳು.